ಸಕ್ಕರೆ ಕಾಯಿಲೆಯ ವಂಶಾವಳಿ ಬರೆಯುವುದು ಹೇಗೆ

ನನ್ನ ತಂದೆಗೂ ಅಜ್ಜಿಗೂ ಮಧುಮೇಹ. ಹಾಗಾಗಿ ‘ನನಗೂ ಬರುತ್ತದೆಯೇ?’ ಎಂಬ ಪ್ರಶ್ನೆ ನನಗೆ ಹೊಸದಲ್ಲ. ಉತ್ತರ ಬೇಕಾದರೆ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಮೂರು ತಲೆಮಾರುಗಳಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ ಕಾಯಿಲೆ ಪತ್ತೆಯಾಯಿತು, ಇನ್ಸುಲಿನ್ ಯಾವಾಗ ಶುರುವಾಯಿತು ಎಂದು ಬರೆಯಿರಿ. ಪತ್ತೆಯಾದ ವಯಸ್ಸನ್ನು ಬಿಡಲೇಬೇಡಿ, ಗುಟ್ಟು ಅಲ್ಲಿಯೇ ಇರುತ್ತದೆ.

ಟೈಪ್ 1, ಅಂದರೆ ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುವ ಬಗೆಯ ಮಧುಮೇಹ, ಇರುವ ಹೆಚ್ಚಿನವರ ಮನೆಯಲ್ಲಿ ಬೇರೆ ಯಾರಿಗೂ ಅದು ಇರುವುದಿಲ್ಲ. ತಂದೆಗಿದ್ದರೆ ಮಗುವಿಗೆ ಬರುವ ಸಾಧ್ಯತೆ ಸುಮಾರು 17ರಲ್ಲಿ 1. ತಾಯಿಗಿದ್ದರೆ ಇನ್ನೂ ಕಡಿಮೆ.

ಟೈಪ್ 2, ಅಂದರೆ ಇನ್ಸುಲಿನ್ ಇದ್ದರೂ ಸರಿಯಾಗಿ ಕೆಲಸ ಮಾಡದ ಸಾಮಾನ್ಯ ಬಗೆ, ವಂಶದಲ್ಲಿ ಹೆಚ್ಚು ಬಲವಾಗಿ ಹರಿಯುತ್ತದೆ. ಹೆತ್ತವರಲ್ಲಿ ಒಬ್ಬರಿಗಿದ್ದರೆ ಜೀವಮಾನದ ಅಪಾಯ ಸುಮಾರು ಶೇ 40, ಇಬ್ಬರಿಗೂ ಇದ್ದರೆ ಶೇ 70ರ ಹತ್ತಿರ. ಆದರೆ ಬರುವುದು ಒಲವು ಮಾತ್ರ, ಕಾಯಿಲೆಯಲ್ಲ. ಅಪಾಯದ ಅಂಚಿನಲ್ಲಿದ್ದವರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ, ಶೇ 7ರಷ್ಟು ತೂಕ ಇಳಿಸಿ ವಾರಕ್ಕೆ 150 ನಿಮಿಷ ನಡೆಯುವ ಗುರಿಯಿಂದ ಹೊಸ ಪ್ರಕರಣಗಳು ಶೇ 58ರಷ್ಟು ಕಡಿಮೆಯಾದವು. ನನಗೆ ಧೈರ್ಯ ತಂದ ಸಂಖ್ಯೆ ಇದೇ.

ಹಾಳೆಯಲ್ಲಿ ಪ್ರತಿ ತಲೆಮಾರಿನಲ್ಲೂ 25ರೊಳಗೇ, ತೆಳ್ಳಗಿನ ಮೈಯವರಿಗೂ ಕಾಯಿಲೆ ಕಂಡರೆ ನಿಂತು ಯೋಚಿಸಿ. ಅದು ಒಂದೇ ಜೀನ್‌ನ ದೋಷದಿಂದ ಬರುವ ‘ಮೋಡಿ’ (MODY) ಎಂಬ ಬಗೆಯ ಮಧುಮೇಹವಾಗಿರಬಹುದು. ಮಗುವಿಗೆ ದಾಟುವ ಸಾಧ್ಯತೆ ಶೇ 50. ಇದನ್ನು ಟೈಪ್ 1 ಎಂದು ತಪ್ಪಾಗಿ ಗುರುತಿಸುವುದುಂಟು. ಕೆಲವು ಮೋಡಿಗಳಿಗೆ ಇನ್ಸುಲಿನ್ ಬದಲು ಮಾತ್ರೆ ಸಾಕು, ಆದ್ದರಿಂದ ಜೀನ್ ಪರೀಕ್ಷೆಯ ಬಗ್ಗೆ ಕೇಳಿಯೇ ಕೇಳಿ. ತಾಯಿಯ ಕಡೆಯವರಿಗೆ ಮಾತ್ರ ಮಧುಮೇಹ, ಜೊತೆಗೆ ಕಿವುಡುತನವೂ ಇದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಇವೆರಡಕ್ಕೂ ಕಾರಣ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಜೀನ್ ದೋಷವಿರಬಹುದು, ಅದು ತಾಯಿಯಿಂದಲೇ ಬರುತ್ತದೆ.

ಹಾಳೆಯ ಒಂದು ಪ್ರತಿಯನ್ನು ಒಡಹುಟ್ಟಿದವರಿಗೂ ಕೊಡಿ.