ಮೆಮೊರಿಯಲ್ಲಿ ತುಂಬಿದ ಹೂಳು

ಗೋದಾಮಿನ ತಂತ್ರಾಂಶದಿಂದ ಬರುವ ಆರ್ಡರ್‌ಗಳನ್ನು ಲೆಕ್ಕಪತ್ರದ ವ್ಯವಸ್ಥೆಗೆ ಕಳುಹಿಸಿ, ಅಲ್ಲಿನ ಉತ್ತರವನ್ನು ಹಿಂದಿರುಗಿಸುವುದು ನಾನು ನೋಡಿಕೊಳ್ಳುತ್ತಿದ್ದ ಇಂಟಿಗ್ರೇಷನ್ ಸರ್ವರ್‌ನ ಕೆಲಸ. ಜಾವಾದಲ್ಲಿ ಬರೆದದ್ದು, ಹಗಲಿರುಳು ಓಡುವಂಥದ್ದು. ಅದು ಆರು ದಿನಕ್ಕೊಮ್ಮೆ ಮೆಮೊರಿ ಸಾಲದೆ ನಿಂತುಬಿಡುತ್ತಿತ್ತು. ಹೀಪ್ ಅನ್ನು, ಅಂದರೆ ಪ್ರೋಗ್ರಾಂ ತನ್ನ ದತ್ತಾಂಶ ಇಟ್ಟುಕೊಳ್ಳುವ ಮೆಮೊರಿಯನ್ನು, 2 ಜಿಬಿಯಿಂದ 4 ಜಿಬಿಗೆ ಏರಿಸಿದೆವು. ಹನ್ನೆರಡನೆಯ ದಿನ ನಿಂತಿತು. ಆಗ ಖಚಿತವಾಯಿತು: ಏನೋ ಒಂದು ಪ್ರತಿದಿನ ಒಂದೇ ಅಳತೆಯಲ್ಲಿ ಸೇರುತ್ತಿದೆ. ಇದನ್ನು ಮೆಮೊರಿ ಸೋರಿಕೆ (ಮೆಮೊರಿ ಲೀಕ್) ಎನ್ನುತ್ತಾರೆ, ಆದರೆ ಸೋರಿಕೆ ಎಂಬ ಹೆಸರೇ ಇಲ್ಲಿ ದಾರಿ ತಪ್ಪಿಸುತ್ತದೆ. ಹೊರಗೆ ಹರಿದುಹೋಗುವುದು ಏನೂ ಇರುವುದಿಲ್ಲ. ಕೆರೆಯಲ್ಲಿ ಹೂಳು ತುಂಬಿ ನೀರಿಗೆ ಜಾಗ ಇಲ್ಲದಾಗುವ ಹಾಗೆ ಅದು.

ಮೆಮೊರಿಯ ಗ್ರಾಫ್ ಗರಗಸದ ಹಲ್ಲಿನಂತೆ ಏರಿಳಿಯುವುದು ಸಹಜ. ನೋಡಬೇಕಾದ್ದು ಹಲ್ಲಿನ ಬುಡವನ್ನು, ಅಂದರೆ ಬೇಡವಾದ ದತ್ತಾಂಶವನ್ನು ಜಾವಾ ತಾನೇ ತೆರವುಗೊಳಿಸುವ ಗಾರ್ಬೇಜ್ ಕಲೆಕ್ಷನ್ ಪೂರ್ತಿ ಮುಗಿದ ಮೇಲೂ ಉಳಿಯುವ ಮೆಮೊರಿಯನ್ನು. ಲಾಗ್‌ನಲ್ಲಿ ಈ ಬುಡ ಹಗಲಿಡೀ ಮಟ್ಟಸವಾಗಿದ್ದು, ರಾತ್ರಿ 1ರಿಂದ 2ರ ನಡುವೆ ಮಾತ್ರ ಸುಮಾರು 300 ಎಂಬಿ ಮೇಲೇರುತ್ತಿತ್ತು.

ಒಂದು ರಾತ್ರಿ ಎಚ್ಚರವಿದ್ದು, 1ಕ್ಕೆ ಮೊದಲು ಒಮ್ಮೆ, 2ರ ನಂತರ ಒಮ್ಮೆ ಜೆಮ್ಯಾಪ್ ಎಂಬ ಜಾವಾ ಸಾಧನದಿಂದ ಹಿಸ್ಟೋಗ್ರಾಂ, ಅಂದರೆ ಮೆಮೊರಿಯಲ್ಲಿ ಯಾವ ಬಗೆಯ ವಸ್ತು ಎಷ್ಟಿದೆ ಎಂಬ ಪಟ್ಟಿ, ತೆಗೆದೆ. ಮೊದಲ ಸಾಲುಗಳಲ್ಲಿ ಬೈಟ್ ಅರೇ, ಸ್ಟ್ರಿಂಗ್‌ನಂಥ ಸಾಮಾನ್ಯ ಬಗೆಗಳೇ ಇರುತ್ತವೆ. ಯಾವ ಜಾವಾ ಪ್ರೋಗ್ರಾಂ ನೋಡಿದರೂ ಹೆಚ್ಚುಕಡಿಮೆ ಹಾಗೆಯೇ. ಕೆಳಗಿಳಿದು ನಮ್ಮದೇ ಕ್ಲಾಸ್‌ಗಳನ್ನು, ಅಂದರೆ ನಾವೇ ಬರೆದ ಬಗೆಗಳನ್ನು, ಹುಡುಕಿದೆ. ಉತ್ತರಕ್ಕೆ ಕಾಯುತ್ತಿರುವ ಕೋರಿಕೆಗಳ ಕ್ಲಾಸ್‌ನ ಎಣಿಕೆ 9,600ರಿಂದ 10,800ಕ್ಕೆ ಏರಿತ್ತು. ಆ ಹೊತ್ತಿನಲ್ಲಿ ಕಾಯುವ ಕೋರಿಕೆಗಳು ಹತ್ತೋ ಹದಿನೈದೋ ಇರಬೇಕಿತ್ತು.

ಹೀಪ್ ಡಂಪ್ (ಇಡೀ ಹೀಪ್‌ನ ನಕಲಿರುವ ಫೈಲ್) ತೆಗೆಯುವಾಗ ಪ್ರೋಗ್ರಾಂ ಸ್ತಬ್ಧವಾಗುತ್ತದೆ, ಆದ್ದರಿಂದ ಆರ್ಡರ್ ಬಾರದ ಬೆಳಗಿನ ಜಾವವನ್ನೇ ಆರಿಸಿಕೊಂಡೆ. ಆ ಫೈಲ್‌ನಲ್ಲಿ ಗ್ರಾಹಕರ ವಿವರ, ಪಾಸ್‌ವರ್ಡ್ ಎಲ್ಲವೂ ಬಿಚ್ಚಿಟ್ಟಂತೆ ಇರಬಹುದು. ಅದನ್ನು ಇಮೇಲ್‌ನಲ್ಲಿ ಹಂಚಿಕೊಳ್ಳುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಡಂಪ್ ಅನ್ನು ಎಕ್ಲಿಪ್ಸ್ ಮ್ಯಾಟ್ ಎಂಬ ಮೆಮೊರಿ ವಿಶ್ಲೇಷಣೆಯ ಸಾಧನದಲ್ಲಿ ತೆರೆದು, ಒಂದು ಕೋರಿಕೆಯನ್ನು ಹಿಡಿದು, ಅದನ್ನು ಯಾರು ಬಿಡದೆ ಇಟ್ಟುಕೊಂಡಿದ್ದಾರೆ ಎಂದು ಬೇರಿನವರೆಗೆ ಹೋದೆ. ಸಿಕ್ಕಿದ್ದು ಒಂದು ಸ್ಟ್ಯಾಟಿಕ್ ಮ್ಯಾಪ್, ಅಂದರೆ ನಾವೇ ತೆಗೆಯದ ಹೊರತು ನಮೂದುಗಳು ಉಳಿದೇ ಇರುವ ಪಟ್ಟಿ. ಕೋರಿಕೆಯ ಸ್ವಂತ ಗಾತ್ರ 32 ಬೈಟ್. ಅದು ಹಿಡಿದಿಟ್ಟುಕೊಂಡಿದ್ದ ಆರ್ಡರ್‌ನ ಎಕ್ಸ್‌ಎಂಎಲ್ (ಆರ್ಡರ್‌ನ ವಿವರವಿರುವ ಪಠ್ಯ) ಸೇರಿದರೆ 250 ಕೆಬಿ.

ಕೋಡ್ ಓದಿದಾಗ ಎಲ್ಲವೂ ತಿಳಿಯಿತು. ಉತ್ತರ ಬಂದರೆ ಮ್ಯಾಪ್‌ನಿಂದ ತೆಗೆಯುವ ಸಾಲು ಇತ್ತು. ಕಾಯುವ ಅವಧಿ ಮೀರಿದಾಗ ತೆಗೆಯುವ ಸಾಲು ಇರಲಿಲ್ಲ. ಲೆಕ್ಕಪತ್ರದ ವ್ಯವಸ್ಥೆ ರಾತ್ರಿ 1ಕ್ಕೆ ನಿರ್ವಹಣೆಗಾಗಿ ಮುಚ್ಚುತ್ತಿತ್ತು. ಆ ಒಂದು ಗಂಟೆ ನಮ್ಮ ಸರ್ವರ್ ಮತ್ತೆ ಮತ್ತೆ ಪ್ರಯತ್ನಿಸುತ್ತಿತ್ತು, ಪ್ರತಿ ಪ್ರಯತ್ನಕ್ಕೂ ಹೊಸ ನಮೂದು.

ತೆಗೆಯುವ ಕೆಲಸವನ್ನು, ಉತ್ತರ ಬರಲಿ ಬಾರದಿರಲಿ ಕೊನೆಗೆ ಓಡುವ ಫೈನಲಿ ಬ್ಲಾಕ್‌ಗೆ ಸರಿಸಿದೆ. ಮ್ಯಾಪ್‌ನಲ್ಲಿ ಇಡೀ ಎಕ್ಸ್‌ಎಂಎಲ್ ಬದಲು ಆರ್ಡರ್ ಸಂಖ್ಯೆಯನ್ನಷ್ಟೇ ಇಟ್ಟೆ. ಪರೀಕ್ಷಾ ಸರ್ವರ್‌ನಲ್ಲಿ ಉತ್ತರವನ್ನೇ ಕೊಡದ ನಕಲಿ ವ್ಯವಸ್ಥೆಯೊಂದನ್ನು ಎದುರಿಗಿಟ್ಟು 50,000 ಕೋರಿಕೆ ಕಳುಹಿಸಿ, ಕೊನೆಗೆ ಮ್ಯಾಪ್‌ನಲ್ಲಿ ಎಷ್ಟು ಉಳಿದಿದೆ ಎಂದು ನೋಡಿದೆ: ಸೊನ್ನೆ. ಆ ಎಣಿಕೆ ಈಗ ನಮ್ಮ ನಿಗಾ ಪರದೆಯ ಮೊದಲ ಸಾಲಿನಲ್ಲಿದೆ. ರಾತ್ರಿ 1ಕ್ಕೆ ಏರುತ್ತದೆ, 2 ದಾಟುತ್ತಿದ್ದಂತೆ ಇಳಿಯುತ್ತದೆ.