ಗಡಿಯಾಚೆಯವರ ಜೊತೆ ಕೂತು ಹಿಮ್ಮೇಳ ಅಧ್ಯಯನ ಮಾಡುವುದು ಹೇಗೆ?

ತೆಂಕುತಿಟ್ಟಿನ, ಅಂದರೆ ದಕ್ಷಿಣ ಕನ್ನಡ, ಕಾಸರಗೋಡು ಕಡೆಯ ಶೈಲಿಯ, ಯಕ್ಷಗಾನವನ್ನು ಕರ್ನಾಟಕದೊಳಗೇ ಕೂತು ಅಭ್ಯಾಸ ಮಾಡಿದರೆ ಅರ್ಧ ಮಾತ್ರ ಸಿಗುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇರುವುದು ಕಾಸರಗೋಡಿನಲ್ಲಿ. 1956ರಿಂದ ಅದು ಕೇರಳ. ತೆಂಕಿನ ಚೆಂಡೆಗೂ ಕಥಕಳಿಯ ಚೆಂಡಕ್ಕೂ ಇರುವ ನಂಟು ಕಣ್ಣಿಗೇ ಕಾಣುತ್ತದೆ, ಅಲ್ವಾ? ಹಾಗಾಗಿ ನಾನು ಆ ಕಡೆಯವರ ಜೊತೆ ಸೇರಿ ಹಿಮ್ಮೇಳದ, ಅಂದರೆ ಹಾಡು, ಚೆಂಡೆ, ಮದ್ದಳೆಗಳ, ಅಧ್ಯಯನ ಶುರು ಮಾಡಿದೆ.

ಮೊದಲು ದಿನ ನೋಡಿಕೊಳ್ಳಿ. ತಿರುಗಾಟದ ಸಮಯದಲ್ಲಿ ಕಲಾವಿದರಿಗೆ ರಾತ್ರಿ ಆಟ, ಹಗಲು ನಿದ್ದೆ. ಆಗ ಕರೆಯಬೇಡಿ. ಮೇ ಕೊನೆಯ ಹೊತ್ತಿಗೆ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಬರುತ್ತದೆ, ಗೆಜ್ಜೆ ಬಿಚ್ಚುತ್ತಾರೆ. ಆಮೇಲೆ ಮಳೆಗಾಲದಲ್ಲಿ ಕೂರಿ. ಸಂಭಾವನೆ ಎಷ್ಟು, ಬರಹದಲ್ಲಿ ಅವರ ಹೆಸರು ಎಲ್ಲಿ ಬರುತ್ತದೆ ಎಂಬುದನ್ನು ಮೊದಲೇ ಹೇಳಿಬಿಡಿ. ಕಲಾವಿದರು ಸುಮ್ನೆ ಮಾಹಿತಿ ಕೊಡುವವರಲ್ಲ, ಜೊತೆಗೆ ಬರೆಯುವವರು.

ನಾಲ್ಕು ಜನ ಸಾಕು. ಒಬ್ಬರು ಹಾಡುವ ಭಾಗವತರು, ಒಬ್ಬರು ಮದ್ದಳೆಗಾರರು, ಆ ಕಡೆಯ ಚೆಂಡದವರೊಬ್ಬರು, ಬರೆದುಕೊಳ್ಳಲು ನೀವು. ಇಡೀ ಪ್ರಸಂಗದ ಧ್ವನಿಮುದ್ರಣ ಹಾಕಬೇಡಿ. ಒಂದು ನಿಮಿಷದ ತುಣುಕು ಹಾಕಿ, ಎಲ್ಲರೂ ಕೈಯಲ್ಲಿ ತಾಳ ಹಾಕಲಿ.

ನಾವು ಹೀಗೇ ಕೂತಿದ್ದೆವು. ಪದ್ಯ ಮುಗಿಯಿತು, ಅದನ್ನು ನಿಲ್ಲಿಸುವ ಬಾರಿಸುವಿಕೆ, ಅಂದರೆ ಮುಕ್ತಾಯ ಬಂತು. ಚೆಂಡದವರು "ಇದು ನಮ್ಮ ಕಲಾಶಂ" ಅಂದರು. ನಾನು ಪುಸ್ತಕದಲ್ಲಿ ಎರಡಕ್ಕೂ ಒಂದೇ ಅರ್ಥ ಬರೆದುಕೊಂಡೆ. ಮದ್ದಳೆಗಾರರು ತಲೆ ಅಲ್ಲಾಡಿಸಿದರು. ತೊಡೆಯ ಮೇಲೆ ಬೆರಳಲ್ಲೇ ಮುಕ್ತಾಯ ಬಾರಿಸಿ, "ಇಲ್ಲಿಗೆ ನಿಂತಿತು" ಅಂದರು. ಚೆಂಡದವರು ಎದ್ದು ಕಲಾಶಂ ಕುಣಿದು ತೋರಿಸಿದರು. ಅದು ಪಾದದ ಕೆಲಸ ತುಂಬಿದ ಒಂದು ನೃತ್ತದ ತುಂಡು. ನನ್ನ ಸಾಲನ್ನು ಹೊಡೆದು ಹಾಕಿದೆ.

ಅವತ್ತಿನಿಂದ ಪದಗಳನ್ನು ಅನುವಾದ ಮಾಡುವುದಿಲ್ಲ. ಎರಡು ಅಂಕಣ ಹಾಕಿ, ಅವರವರ ಪದವನ್ನು ಅವರವರ ಕಡೆ ಬರೆಯುತ್ತೇನೆ. ಪಕ್ಕದಲ್ಲಿ ಧ್ವನಿಯ ನಿಮಿಷ, ಸೆಕೆಂಡು ಇರುತ್ತದೆ. ತಾಳದ ಹೆಸರಿನಲ್ಲಂತೂ ಜಾಸ್ತಿ ಎಚ್ಚರ ಬೇಕು. ಯಕ್ಷಗಾನದ ತಾಳಕ್ಕೂ ಕರ್ನಾಟಕ ಸಂಗೀತದ ತಾಳಕ್ಕೂ ಹೆಸರು ಒಂದೇ ಆದರೂ ಲೆಕ್ಕ ಒಂದೇ ಇರಬೇಕೆಂದಿಲ್ಲ.

ಧ್ವನಿಮುದ್ರಣ ವೇವ್ ಫೈಲಿನಲ್ಲೇ ಇರಲಿ. ಪ್ರಸಂಗ, ಪದ್ಯ, ತಾಳ, ದಿನ, ಊರು, ಯಾರು ಬಾರಿಸಿದ್ದು ಎಂಬುದನ್ನು ಅವತ್ತೇ ಬರೆಯಿರಿ.

ಧ್ವನಿ ಮುದ್ರಿಸಿಕೊಂಡದ್ದನ್ನು ಕಲಾವಿದರಿಗೆ ವಾಪಸ್ ಕೊಡುವುದು ಮರೆಯಬೇಡಿ. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತ ಸುತ್ತಿ ಧ್ವನಿ ಮುದ್ರಿಸಿಕೊಂಡಿದ್ದರು. ಸಂಗೀತ ಸಂಶೋಧಕರಾದ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ 1984ರಲ್ಲಿ ಆ ಮುದ್ರಣಗಳನ್ನು ಊರವರಿಗೆ ಕೇಳಿಸುತ್ತಾ ಅದೇ ಜಾಡು ಹಿಡಿದು ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ತಿರುಗಿದರು. ನಡುವೆ 46 ವರ್ಷ. ನೀವು ಅಷ್ಟು ಕಾಯಬೇಡಿ. ನಾನು ಅದೇ ವಾರ ಪೆನ್‌ಡ್ರೈವ್ ಮತ್ತು ಬರೆದ ಹಾಳೆಗಳನ್ನು ಕೊಟ್ಟು ಬಂದೆ. ಹದಿನೈದು ದಿನಕ್ಕೆ ಮದ್ದಳೆಗಾರರ ಫೋನ್ ಬಂತು: "ಮೂರನೇ ಪದ್ಯಕ್ಕೆ ತಾಳ ತಪ್ಪು ಬರೆದಿದ್ದೀರಿ ಮಾರಾಯ್ರೆ." ಮತ್ತೆ ಕೇಳಿದೆ. ಅವರು ಹೇಳಿದ್ದೇ ಸರಿ.