ಟೊಮ್ಯಾಟೊ ಹಣ್ಣಿನಲ್ಲಿ ಕ್ಯಾಲ್ಸಿಯಂ ಕಳ್ಳ

ಮೂರು ವಾರ ತಲೆ ಕೆಡಿಸಿಕೊಂಡಿದ್ದೆ. ಟೊಮ್ಯಾಟೊ ಹಣ್ಣಿನ ತೆಳು ಸೀಳುಗಳ ಮೇಲೆ ಎರಡು ಆಂಟಿಬಾಡಿ (ಒಂದು ನಿರ್ದಿಷ್ಟ ವಸ್ತುವಿಗೆ ಮಾತ್ರ ಅಂಟುವ ಪ್ರೋಟೀನ್) ಹಾಕುತ್ತಿದ್ದೆ. ಎಲ್‌ಎಂ19 ಚೆನ್ನಾಗಿ ಹೊಳೆಯುತ್ತಿತ್ತು. ಅದು ಮೀಥೈಲ್ ಗುಂಪು ಕಳಚಿದ ಪೆಕ್ಟಿನ್ ಹಿಡಿಯುತ್ತದೆ; ಪೆಕ್ಟಿನ್ ಅಂದರೆ ಸಸ್ಯಕೋಶದ ಗೋಡೆಯಲ್ಲಿನ ಅಂಟು. ಇನ್ನೊಂದು 2ಎಫ್4. ಕ್ಯಾಲ್ಸಿಯಂ ಬೆಸೆದ ಜೋಡಿ ಪೆಕ್ಟಿನ್ ಎಳೆಗಳನ್ನು ಮಾತ್ರ ಅದು ಗುರುತಿಸುತ್ತದೆ. ಅದರ ಸ್ಲೈಡು ಪೂರ್ತಿ ಕಪ್ಪು.

ಮೊದಲು ಸೆಕೆಂಡರಿ ಮೇಲೆ, ಅಂದರೆ ಮೊದಲ ಆಂಟಿಬಾಡಿಗೆ ಅಂಟಿ ಹೊಳೆಯುವ ಎರಡನೇ ಆಂಟಿಬಾಡಿ ಮೇಲೆ, ಅನುಮಾನ ಬಂತು. ಅದು ಮೊದಲನೆಯದು ಬಂದ ಪ್ರಾಣಿಗೆ ಹೊಂದಬೇಕು. ಎಲ್‌ಎಂ19 ದೊಡ್ಡ ಇಲಿಯದು, ಅಂದರೆ ರ‍್ಯಾಟ್, 2ಎಫ್4 ಮೌಸ್‌ನದು. ಎರಡಕ್ಕೂ ಒಂದೇ ಸೆಕೆಂಡರಿ ಹಾಕಿದೆನಾ? ಇಲ್ಲ, ಸರಿಯಾಗೇ ಇತ್ತು. ಹೊಸ ಬಾಟಲಿ ತರಿಸಿದೆ. ದುಡ್ಡು ದಂಡ.

ಒಂದು ಸಂಜೆ ಬಫರ್ ಬಾಟಲಿ ತೊಳೆಯುವಾಗ ಹೊಳೆಯಿತು. ನಾನು ಎಲ್ಲದಕ್ಕೂ ಪಿಬಿಎಸ್, ಅಂದರೆ ಪಿಎಚ್ ಬದಲಾಗದಂತೆ ಕಾಯುವ ಫಾಸ್ಫೇಟ್ ಬೆರೆತ ಉಪ್ಪುನೀರು, ಬಳಸುತ್ತಿದ್ದೆ. ಅದರ ಫಾಸ್ಫೇಟ್ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ, ಅಲ್ವಾ! ಗುರುತಿಸಬೇಕಾದ ಗಂಟನ್ನು ನಾನೇ ಬಿಚ್ಚುತ್ತಿದ್ದೆ.

ಫಾಸ್ಫೇಟ್ ಇಲ್ಲದ ಹೊಸ ಬಫರ್ ಮಾಡಿದೆ: ಟ್ರಿಸ್ 20 ಮಿಲಿಮೋಲಾರ್, ಉಪ್ಪು 150, ಕ್ಯಾಲ್ಸಿಯಂ ಕ್ಲೋರೈಡ್ 0.5, ಪಿಎಚ್ 8.2. ಆಂಟಿಬಾಡಿ ಕಂಡಕಂಡಲ್ಲಿ ಅಂಟದಂತೆ ಹಾಕುವ ಹಾಲಿನ ಪುಡಿ ಕಲಸುವುದಕ್ಕೂ, ಆಂಟಿಬಾಡಿಗೂ, ಪ್ರತಿ ತೊಳೆತಕ್ಕೂ ಇದೇ. ಮಧ್ಯೆ ಒಂದೇ ಸಲ ಪಿಬಿಎಸ್ ಬಂದರೂ ಕೆಲಸ ಕೆಟ್ಟೀತು.

ಮರುದಿನ ಮೈಕ್ರೋಸ್ಕೋಪಿನಲ್ಲಿ ಮೂರು ಕೋಶ ಸೇರುವ ಮೂಲೆಗಳು ಹಸಿರು ಚುಕ್ಕಿಗಳಾಗಿ ಮಿನುಗಿದವು. ನಂಬಿಕೆ ಬರಲಿಲ್ಲ. ಇನ್ನೊಂದು ಸೀಳನ್ನು ಮೊದಲು ಕ್ಯಾಲ್ಸಿಯಂ ಕಸಿಯುವ ಇಡಿಟಿಎಯಲ್ಲಿ ನೆನೆಸಿ ನೋಡಿದೆ. ಕ್ಯಾಲ್ಸಿಯಂ ಹೋಯಿತು, ಚುಕ್ಕಿಗಳೂ ಹೋದವು. ಈಗ ಟ್ರಿಸ್ ಬಾಟಲಿಗೆ ಕೆಂಪು ಟೇಪು ಸುತ್ತಿಟ್ಟಿದ್ದೇನೆ.